ಮಕ್ಕಳ ಆಟಕ್ಕೆ ಪ್ರಾಯ ಬರಬೇಕೇ? ಕುಟುಂಬದ ವಿಡಿಯೋ ಗೇಮ್ ಸರಣಿಗಳ ಚರಿತ್ರೆಯಿಂದ ಒಂದು ಉತ್ತರ

ಇಂಥ ವೇದಿಕೆಯಲ್ಲಿ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಭೂದಾಖಲೆ, ಯಕ್ಷಗಾನ ಇಂಥ ವಿಷಯಗಳನ್ನು ಎತ್ತಿಕೊಳ್ಳುತ್ತೇವೆ. ಹಾಗಾಗಿ ವಿಡಿಯೋ ಗೇಮ್ ಅಂದಾಗ ಕೆಲವರಿಗೆ ನಗು ಬರಬಹುದು. ಬರಲಿ. ಆದರೆ ನಲವತ್ತು ವರ್ಷ ದಾಟಿದ, ಮೂರು ತಲೆಮಾರಿನ ಮಕ್ಕಳನ್ನು ಕಂಡ ಒಂದು ಕಥಾಪ್ರಕಾರಕ್ಕೆ ಚರಿತ್ರೆ ಇರಲೇಬೇಕಲ್ಲ. ಆ ಚರಿತ್ರೆಯ ಒಂದು ಪ್ರಶ್ನೆಯನ್ನು ಮಾತ್ರ ಇವತ್ತು ಎತ್ತಿಕೊಳ್ತೇನೆ.

ಪ್ರಶ್ನೆ ಇಷ್ಟೇ. ಮಾರಿಯೋ, ಜೆಲ್ಡಾ, ಪೊಕೆಮಾನ್, ಸೋನಿಕ್ ಇವೆಲ್ಲ ಮನೆಮಂದಿ ಒಟ್ಟಿಗೆ ಕೂತು ಆಡುವಂಥ ಆಟಗಳಾಗಿ ಹೆಸರಾದವು. ಅವನ್ನು ಎಂಟು ಹತ್ತು ವರ್ಷದಲ್ಲಿ ಆಡಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ಅವರಲ್ಲಿ ಅನೇಕರು ಕೇಳ್ತಾರೆ: "ನಾವು ಬೆಳೆದೆವು, ನಮ್ಮ ಆಟ ಯಾಕೆ ಬೆಳೆಯಬಾರದು?" ರಕ್ತ ಇರಲಿ, ಸಾವು ಇರಲಿ, ಸುಲಭದ ಗೆಲುವು ಬೇಡ, ಕಾರ್ಟೂನಿನ ಬಣ್ಣ ಬೇಡ ಎನ್ನುವುದು ಬೇಡಿಕೆ. ಇನ್ನೊಂದು ಪಕ್ಷದವರು, ಅದು ಮಕ್ಕಳದ್ದು, ಮಕ್ಕಳಿಗೇ ಬಿಡಿ ಅಂತಾರೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಜಗಳದಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯಲಾಗುತ್ತಿದೆ. ನಮ್ಮ ಕಡೆ ವಯಸ್ಸಿಗೆ "ಪ್ರಾಯ" ಎನ್ನುತ್ತೇವೆ. ಪ್ರಾಯದ ಗುರುತುಗಳು ಒಂದು: ರಕ್ತ, ಬಂದೂಕು, ಬೈಗುಳ, ಕಪ್ಪು ಬಣ್ಣ. ಪ್ರಬುದ್ಧತೆ ಇನ್ನೊಂದು: ಸಾವನ್ನು, ಅಗಲಿಕೆಯನ್ನು, ತಪ್ಪು ಸರಿಯ ಗೊಂದಲವನ್ನು ಎದುರಿಸುವ ಶಕ್ತಿ. ಮೊದಲನೆಯದನ್ನು ಬೆನ್ನು ಹತ್ತಿದ ಕುಟುಂಬದ ಸರಣಿಗಳು ಹೆಚ್ಚಾಗಿ ದಾರಿ ತಪ್ಪಿದವು. ಎರಡನೆಯದು ಅವುಗಳಲ್ಲಿ ಮೊದಲಿನಿಂದಲೂ ಇತ್ತು, ಗಮನಿಸಿದವರು ಕಡಿಮೆ. ಇದನ್ನು ಚರಿತ್ರೆಯಿಂದ ತೋರಿಸುವುದು ನನ್ನ ಕೆಲಸ.

ಜೂಜಿನ ಎಲೆಯಿಂದ ಮನೆಯ ಜಗಲಿಗೆ

ನಿಂಟೆಂಡೊ ಮಕ್ಕಳ ಕಂಪೆನಿಯಾಗಿ ಹುಟ್ಟಿದ್ದಲ್ಲ. 1889ರಲ್ಲಿ ಜಪಾನಿನ ಕ್ಯೋಟೋದಲ್ಲಿ ಫುಸಾಜಿರೋ ಯಾಮಾಉಚಿ ಎಂಬವರು ಅದನ್ನು ಆರಂಭಿಸಿದ್ದು ಹನಾಫುಡಾ ಎಂಬ ಎಲೆಗಳನ್ನು ತಯಾರಿಸಲಿಕ್ಕೆ. ನಮ್ಮ ಇಸ್ಪೀಟು ಎಲೆಯ ಹಾಗೆ, ಆದರೆ ಇದರಲ್ಲಿ 48 ಎಲೆ. ಹನ್ನೆರಡು ತಿಂಗಳಿಗೆ ನಾಲ್ಕು ನಾಲ್ಕರಂತೆ, ಒಂದೊಂದು ತಿಂಗಳಿಗೆ ಒಂದೊಂದು ಹೂವು ಅಥವಾ ಗಿಡ. ನೋಡಲಿಕ್ಕೆ ಬಹಳ ಚೆಂದ. ಆದರೆ ಆ ಎಲೆಗಳಿಗೆ ಜೂಜಿನ ನಂಟು ಗಟ್ಟಿಯಾಗಿತ್ತು. ಅಂದರೆ ಕಂಪೆನಿಯ ಮೂಲ ಗಿರಾಕಿ ಮಗು ಅಲ್ಲ, ದೊಡ್ಡವರು.

1949ರಲ್ಲಿ ಸ್ಥಾಪಕರ ಮರಿಮಗ ಹಿರೋಷಿ ಯಾಮಾಉಚಿ ಅಧಿಕಾರಕ್ಕೆ ಬಂದರು. ಹತ್ತು ವರ್ಷದ ನಂತರ, 1959ರಲ್ಲಿ, ಡಿಸ್ನಿಯ ಪಾತ್ರಗಳನ್ನು ಅಚ್ಚು ಹಾಕಿದ ಎಲೆಗಳನ್ನು ಮಾರುಕಟ್ಟೆಗೆ ತಂದರು. ಮಿಕ್ಕಿ ಮೌಸ್ ಇರುವ ಎಲೆಯನ್ನು ಜೂಜುಕೋರನ ಕೈಯಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟ. ಎಲೆ ಎಲೆಯೇ, ಚಿತ್ರ ಬದಲು. ಎಲೆ ಅಡ್ಡೆಯಿಂದ ಮನೆಯ ಜಗಲಿಗೆ ಬಂತು. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಇದು ಮುಖ್ಯ ಅನಿಸುತ್ತದೆ. "ಕುಟುಂಬ ಸ್ನೇಹಿ" ಎನ್ನುವುದು ಆಟದ ಹುಟ್ಟುಗುಣ ಅಲ್ಲ. ಅದು ಮಾರುಕಟ್ಟೆ ನೋಡಿ ಮಾಡಿದ ಒಂದು ತೀರ್ಮಾನ. ಹಾಗಾಗಿ ಅದನ್ನು ಬದಲಾಯಿಸಲೂಬಹುದು, ಉಳಿಸಿಕೊಳ್ಳಲೂಬಹುದು. ಯಾಕೆ ಎಂಬ ಕಾರಣ ಬೇಕು, ಅಷ್ಟೆ.

1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಯಂತ್ರದ ಹೆಸರೇ "ಫ್ಯಾಮಿಲಿ ಕಂಪ್ಯೂಟರ್", ಜನರ ಬಾಯಲ್ಲಿ "ಫ್ಯಾಮಿಕಾಮ್". ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಬಿದ್ದಿತ್ತು. ಕಳಪೆ ಆಟಗಳು ರಾಶಿ ಬಿದ್ದು ಅಂಗಡಿಯವರಿಗೇ ನಂಬಿಕೆ ಹೋಗಿತ್ತು. 1985ರಲ್ಲಿ ನಿಂಟೆಂಡೊ ಅಲ್ಲಿಗೆ ಕಾಲಿಟ್ಟಾಗ ಆ ನಂಬಿಕೆಯನ್ನು ಮತ್ತೆ ಕಟ್ಟಬೇಕಾಗಿತ್ತು. ತನ್ನ ಯಂತ್ರದಲ್ಲಿ ಯಾವ ಆಟ ಬರಬೇಕು, ಯಾವುದು ಬಾರದು ಎಂದು ಕಟ್ಟುನಿಟ್ಟು ಮಾಡಿತು. ರಕ್ತ ಬೇಡ, ಅಶ್ಲೀಲ ಬೇಡ, ಮದ್ಯ ತಂಬಾಕು ಬೇಡ, ಧಾರ್ಮಿಕ ಚಿಹ್ನೆ ಬೇಡ. ಅಪ್ಪ ಅಮ್ಮ ಪೆಟ್ಟಿಗೆ ನೋಡದೆಯೇ ಮಗುವಿಗೆ ಕೊಡಬಹುದು ಎನ್ನುವ ಭರವಸೆಯನ್ನು ಕಂಪೆನಿ ಮಾರಿತು. 1985ರ ಸೂಪರ್ ಮಾರಿಯೋ ಬ್ರದರ್ಸ್, 1986ರ ದ ಲೆಜೆಂಡ್ ಆಫ್ ಜೆಲ್ಡಾ ಈ ಭರವಸೆಯ ಒಳಗೆ ಬೆಳೆದ ಕೂಸುಗಳು.

ರಕ್ತವೋ ಬೆವರೋ: 1993

ಈ ಭರವಸೆಗೆ ಮೊದಲ ದೊಡ್ಡ ಪರೀಕ್ಷೆ ಬಂದದ್ದು ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟದಿಂದ. 1992ರಲ್ಲಿ ಆರ್ಕೇಡ್ ಅಂಗಡಿಗಳಲ್ಲಿ ಹೆಸರು ಮಾಡಿದ ಈ ಆಟ 1993ರ ಸೆಪ್ಟೆಂಬರ್ 13ರಂದು ಮನೆಯ ಯಂತ್ರಗಳಿಗೆ ಬಂತು. ನಿಂಟೆಂಡೊದ ಆವೃತ್ತಿಯಲ್ಲಿ ರಕ್ತ ತೆಗೆದು ಬೂದು ಬಣ್ಣದ ಬೆವರು ಹಾಕಿದರು. ಎದುರಾಳಿ ಕಂಪೆನಿ ಸೆಗಾದ ಜೆನೆಸಿಸ್ ಯಂತ್ರದಲ್ಲಿ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ರಕ್ತ ಬರುತ್ತಿತ್ತು. ಮಾರಾಟದಲ್ಲಿ ಗೆದ್ದದ್ದು ಸೆಗಾ. ಮಕ್ಕಳಿಗೆ ಸುದ್ದಿ ತಲುಪಲಿಕ್ಕೆ ಎಷ್ಟು ಹೊತ್ತು ಬೇಕು ಹೇಳಿ!

ಅದೇ ಡಿಸೆಂಬರ್ 9ರಂದು ಅಮೆರಿಕದ ಸೆನೆಟ್‌ನಲ್ಲಿ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ನಿಂಟೆಂಡೊ ಪರವಾಗಿ ಹೋವರ್ಡ್ ಲಿಂಕನ್, ಸೆಗಾ ಪರವಾಗಿ ಬಿಲ್ ವೈಟ್ ಹಾಜರಾದರು. ಇಬ್ಬರೂ ಸರಕಾರಕ್ಕೆ ಉತ್ತರ ಕೊಡುವುದಕ್ಕಿಂತ ಒಬ್ಬರ ಮೇಲೆ ಒಬ್ಬರು ಬಿದ್ದದ್ದೇ ಹೆಚ್ಚು. ನೈಟ್ ಟ್ರ್ಯಾಪ್ ಎಂಬ ಆಟ ನಿಂಟೆಂಡೊದ ಯಂತ್ರದಲ್ಲಿ ಎಂದಿಗೂ ಬರುವುದಿಲ್ಲ ಎಂದು ಲಿಂಕನ್ ಅಲ್ಲಿ ಸಾರಿದರು. 2018ರಲ್ಲಿ ಅದೇ ಆಟ ನಿಂಟೆಂಡೊ ಸ್ವಿಚ್‌ನಲ್ಲಿ ಬಿಡುಗಡೆಯಾಯಿತು. ಕಾಲ ಅಂದರೆ ಹಾಗೆ.

ವಿಚಾರಣೆಯ ಫಲವಾಗಿ 1994ರಲ್ಲಿ ಉದ್ಯಮವೇ ಸೇರಿ ಇಎಸ್‌ಆರ್‌ಬಿ ಎಂಬ ವರ್ಗೀಕರಣ ಮಂಡಳಿ ಸ್ಥಾಪಿಸಿತು. ಪೆಟ್ಟಿಗೆಯ ಮೇಲೆ ಒಂದು ಅಕ್ಷರ ಬಂತು: ಎಲ್ಲರಿಗೂ, 13 ಮೀರಿದವರಿಗೆ, 17 ಮೀರಿದವರಿಗೆ ಹೀಗೆ. 2002ರಲ್ಲಿ ಜಪಾನಿಗೆ ಸೆರೋ, 2003ರಲ್ಲಿ ಯುರೋಪಿಗೆ ಪೆಗಿ ಬಂದವು. 1994ರಲ್ಲೇ ಮಾರ್ಟಲ್ ಕಾಂಬ್ಯಾಟ್‌ನ ಎರಡನೇ ಆಟ ನಿಂಟೆಂಡೊ ಯಂತ್ರದಲ್ಲಿ ರಕ್ತ ಸಮೇತ ಬಂದಿತು. ಅಕ್ಷರ ಇದ್ದ ಮೇಲೆ ಹೊಣೆ ಪೋಷಕರದ್ದು ಎಂದಾಯಿತಲ್ಲ.

ಇಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಮಂಡಳಿ ಅಳೆಯುವುದು ಹೆಚ್ಚಾಗಿ ಕಣ್ಣಿಗೆ ಕಾಣುವಂಥದ್ದನ್ನು, ಕಿವಿಗೆ ಕೇಳುವಂಥದ್ದನ್ನು. ರಕ್ತ ಎಷ್ಟು, ಬೈಗುಳ ಯಾವುದು, ಬಟ್ಟೆ ಎಷ್ಟು. ದುಃಖ ಎಷ್ಟು ಎಂದು ಅಳೆಯುವ ಮಾಪು ಅದರಲ್ಲಿ ಇಲ್ಲ. ಆದರೆ ಆ ದಿನದಿಂದ "ದೊಡ್ಡವರ ಆಟ" ಅಂದರೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರ ಇರುವ ಆಟ ಎನ್ನುವ ಅರ್ಥ ಜನರ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಗೊಂದಲದ ಬೇರು ಇಲ್ಲಿದೆ.

ಜೆಲ್ಡಾ: ಮುಖ ನೋಡಿ ಮಣೆ ಹಾಕಿದವರು

1998ರ ಒಕಾರಿನಾ ಆಫ್ ಟೈಮ್ ನಂತರ, 2000ದಲ್ಲಿ, ಮಜೋರಾಸ್ ಮಾಸ್ಕ್ ಎಂಬ ಜೆಲ್ಡಾ ಆಟ ಬಂತು. ಎಲ್ಲರಿಗೂ ಸೂಕ್ತ ಎಂಬ ಅಕ್ಷರವೇ ಅದಕ್ಕೆ ಸಿಕ್ಕಿದ್ದು. ಕಥೆ ಏನು? ಮೂರು ದಿನದಲ್ಲಿ ಚಂದ್ರ ಊರಿನ ಮೇಲೆ ಬೀಳುತ್ತಾನೆ. ನಾಯಕ ಲಿಂಕ್ ಮತ್ತೆ ಮತ್ತೆ ಮೊದಲ ದಿನಕ್ಕೆ ಮರಳಿ ಅದನ್ನು ತಡೆಯಬೇಕು. ಆ ಮೂರು ದಿನದಲ್ಲಿ ಊರಿನವರು ಒಬ್ಬೊಬ್ಬರೂ ಸಾವನ್ನು ಹೇಗೆ ಎದುರುಗೊಳ್ಳುತ್ತಾರೆ ಎನ್ನುವುದೇ ಆಟದ ತಿರುಳು. ಅದರಲ್ಲಿ ಹಟ್ಟಿ ಇರುವ ಅಕ್ಕತಂಗಿಯರ ಮನೆಯೊಂದಿದೆ. ಅಲ್ಲಿನ ಒಂದು ವಿಶೇಷ ಹಾಲು ದೊಡ್ಡವರು ಮಾತ್ರ ಕುಡಿಯುವಂಥದ್ದು. ಕೊನೆಯ ರಾತ್ರಿ ಅಕ್ಕ ತಂಗಿಗೆ, ಇವತ್ತು ನೀನೂ ಕುಡಿ, ನೀನೂ ದೊಡ್ಡವಳಾದೆ ಎನ್ನುವ ಅರ್ಥದಲ್ಲಿ ಅದನ್ನು ಕೊಡುತ್ತಾಳೆ. ನಾಳೆ ಇಲ್ಲ ಎಂದು ಅಕ್ಕನಿಗೆ ಗೊತ್ತು, ತಂಗಿಗೆ ಗೊತ್ತಿಲ್ಲ. ಒಂದು ಹನಿ ರಕ್ತ ಇಲ್ಲ. ಆದರೆ ಇದಕ್ಕಿಂತ ಪ್ರಬುದ್ಧವಾದ ದೃಶ್ಯ ಎಷ್ಟು ಆಟಗಳಲ್ಲಿದೆ?

ಅದೇ 2000ದ ಆಗಸ್ಟ್‌ನಲ್ಲಿ ನಿಂಟೆಂಡೊ ತನ್ನ ಮುಂದಿನ ಯಂತ್ರದ ಶಕ್ತಿ ತೋರಿಸಲಿಕ್ಕೆ ಒಂದು ಚಿಕ್ಕ ತುಣುಕು ಪ್ರದರ್ಶಿಸಿತು. ನೈಜ ಮುಖಗಳು, ಕತ್ತಿಯ ಕಾಳಗ. ಅಭಿಮಾನಿಗಳು ಅದೇ ಮುಂದಿನ ಜೆಲ್ಡಾ ಎಂದುಕೊಂಡರು. ಮರುವರ್ಷ ತೋರಿಸಿದ್ದು ದೊಡ್ಡ ಕಣ್ಣು, ಗುಂಡು ತಲೆಯ ಕಾರ್ಟೂನು ಲಿಂಕ್. ಜಗಳವೇ ಜಗಳ. 2002ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಆ ಆಟವೇ ದ ವಿಂಡ್ ವೇಕರ್. ಕೂಸುಗಳ ಆಟ ಎಂದು ಅದನ್ನು ಆಡುವ ಮೊದಲೇ ತೀರ್ಪು ಕೊಟ್ಟವರು ಬಹಳ ಜನ.

ಈಗ ಅದರ ಕಥೆ ಕೇಳಿ. ಹಿಂದಿನ ಆಟಗಳಲ್ಲಿ ನಾವು ಓಡಾಡಿದ ಹೈರೂಲ್ ರಾಜ್ಯ ಸಮುದ್ರದ ಅಡಿಯಲ್ಲಿ ಮುಳುಗಿದೆ. ಬೆಟ್ಟದ ತುದಿಗಳು ಮಾತ್ರ ದ್ವೀಪಗಳಾಗಿ ಉಳಿದಿವೆ. ಅಲ್ಲಿನ ಮಕ್ಕಳಿಗೆ ಹಳೆಯ ರಾಜ್ಯ ಒಂದು ಅಜ್ಜಿಕಥೆ. ಖಳನಾಯಕ ಗ್ಯಾನನ್‌ಡಾರ್ಫ್ ಆ ಮುಳುಗಿದ ನಾಡನ್ನು ಮತ್ತೆ ಪಡೆಯಬೇಕೆಂದು ಹಟ ತೊಟ್ಟಿದ್ದಾನೆ. ತನ್ನ ಹುಟ್ಟೂರಿನ ಮರುಭೂಮಿಗೆ ಸಾವು ತರುವ ಗಾಳಿ ಬೀಸುತ್ತಿತ್ತು, ಹೈರೂಲಿನ ಹಸುರಿಗೆ ಬೇರೆಯೇ ಗಾಳಿ ಬೀಸುತ್ತಿತ್ತು, ಆ ಗಾಳಿಗೆ ಆಸೆಪಟ್ಟೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಖಳನಿಗೂ ಒಂದು ನ್ಯಾಯ ಇದೆ ಎಂದಾಯಿತು. ಕೊನೆಗೆ ಹೈರೂಲಿನ ಮುದಿ ರಾಜ ತನ್ನ ರಾಜ್ಯ ಪೂರ್ತಿ ಕೊಚ್ಚಿಹೋಗಲಿ, ಈ ಮಕ್ಕಳಿಗೆ ಮುಂದಿನ ದಿನಗಳು ಸಿಗಲಿ ಎಂದು ಬೇಡಿಕೊಂಡು, ತಾನು ಅಲ್ಲೇ ನೀರಿನಲ್ಲಿ ಉಳಿದುಬಿಡುತ್ತಾನೆ. ಮಕ್ಕಳು ಹೊಸ ನೆಲ ಹುಡುಕಿಕೊಂಡು ಹೊರಡುತ್ತಾರೆ. ಕಾರ್ಟೂನು ಮುಖ ನೋಡಿ ಕೂಸಾಟ ಅಂದವರಿಗೆ ಈ ಕಥೆ ಕಂಡೇ ಇರಲಿಲ್ಲ.

ಪ್ರತಿಪಕ್ಷದ ಸಾಕ್ಷಿಯನ್ನೂ ಇಡಬೇಕು. 2004ರ ಮೇಯಲ್ಲಿ ಲಾಸ್ ಏಂಜಲಿಸ್‌ನ ಇ3 ಮೇಳದಲ್ಲಿ ನೈಜ ರೂಪದ ಲಿಂಕ್ ಕುದುರೆ ಏರಿ ಬರುವ ತುಣುಕು ತೋರಿಸಿದಾಗ ಸಭಿಕರು ಎದ್ದು ನಿಂತು ಕೂಗಿದರು. 2006ರಲ್ಲಿ ಬಂದ ಆ ಆಟ ಟ್ವೈಲೈಟ್ ಪ್ರಿನ್ಸೆಸ್. ಇಎಸ್‌ಆರ್‌ಬಿಯಿಂದ 13 ಮೀರಿದವರಿಗೆ ಎಂಬ ಅಕ್ಷರ ಪಡೆದ ಮೊದಲ ಜೆಲ್ಡಾ ಅದು. ವಿಂಡ್ ವೇಕರ್‌ಗಿಂತ ಹೆಚ್ಚು ಮಾರಾಟವೂ ಆಯಿತು. ಹಾಗಾದರೆ ಪ್ರಾಯ ಬರಿಸಿದ್ದೇ ಸರಿ ಎಂದ ಹಾಗಾಯ್ತಲ್ಲ? ಅಷ್ಟು ಬೇಗ ತೀರ್ಮಾನಿಸಲಾಗದು. ಅದು ವೀ ಎಂಬ ಹೊಸ ಯಂತ್ರದ ಜೊತೆಜೊತೆಗೇ ಬಂದದ್ದು, ಆ ಯಂತ್ರ ಕೋಟಿಗಟ್ಟಲೆ ಮನೆ ಸೇರಿತು. ಜೊತೆಗೆ ಮುಂದೆ ಸರಣಿ ಆ ದಾರಿಯಲ್ಲಿ ನೆಟ್ಟಗೆ ಹೋಗಲಿಲ್ಲ. 2011ರ ಸ್ಕೈವರ್ಡ್ ಸ್ವೋರ್ಡ್ ಹತ್ತು ಮೀರಿದವರ ಅಕ್ಷರಕ್ಕೆ ಇಳಿಯಿತು. 2017ರ ಬ್ರೆತ್ ಆಫ್ ದ ವೈಲ್ಡ್ ಕೂಡ ಅದೇ ಅಕ್ಷರದಲ್ಲಿ ಬಂದು, ಜಲವರ್ಣದ ಚಿತ್ರದಂಥ ರೂಪ ತೊಟ್ಟು, 3 ಕೋಟಿಗೂ ಮೀರಿ ಮಾರಾಟವಾಯಿತು. ಅದರ ಕಥೆಯೂ ಸೋಲಿನ ನಂತರದ ಕಥೆಯೇ: ನಾಯಕ ನೂರು ವರ್ಷ ಮಲಗಿದ್ದು ಎದ್ದಾಗ ರಾಜ್ಯ ಪಾಳುಬಿದ್ದಿದೆ, ಜೊತೆಗಾರರು ಸತ್ತಿದ್ದಾರೆ.

ಪ್ರಾಯದ ವೇಷ ಕಟ್ಟಿದವರು

ಇನ್ನು ಬರೀ ವೇಷ ಬದಲಿಸಿದವರನ್ನು ನೋಡೋಣ. ರೇರ್ ಎಂಬ ಬ್ರಿಟಿಷ್ ಕಂಪೆನಿ ಕಾಂಕರ್ ಎಂಬ ಮುದ್ದಾದ ಅಳಿಲಿನ ಆಟವೊಂದನ್ನು ತಯಾರಿಸುತ್ತಿತ್ತು. ತೀರಾ ಮುದ್ದು, ತೀರಾ ಹಳಸಲು ಎಂಬ ಟೀಕೆ ಬಂತು. ಆಗ ಅದೇ ಅಳಿಲನ್ನು ಕುಡುಕನನ್ನಾಗಿ ಮಾಡಿ, ಬೈಗುಳ ರಕ್ತ ಎಲ್ಲ ತುಂಬಿ, 2001ರಲ್ಲಿ 17 ಮೀರಿದವರ ಆಟವಾಗಿ ಬಿಟ್ಟರು. ವಿಮರ್ಶಕರು ಮೆಚ್ಚಿದರು, ಆದರೆ ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ಮಕ್ಕಳ ಮನೆಯವರು ಕೊಳ್ಳಲಿಲ್ಲ. ದೊಡ್ಡವರಿಗೆ ಪೆಟ್ಟಿಗೆ ಮೇಲಿನ ಅಳಿಲು ನೋಡಿ ನಂಬಿಕೆ ಬರಲಿಲ್ಲ.

2005ರಲ್ಲಿ ಸೆಗಾ ಸೋನಿಕ್‌ನ ಬಳಗದ ಶ್ಯಾಡೋ ಎಂಬ ಮುಳ್ಳುಹಂದಿಯ ಕೈಗೆ ಬಂದೂಕು ಕೊಟ್ಟಿತು. ಕಥೆ ಗಂಭೀರ ಎಂದು ತೋರಿಸುವ ಹುಮ್ಮಸ್ಸಿತ್ತು, ಆದರೆ ಹೆಚ್ಚಿನ ವಿಮರ್ಶಕರಿಗೆ ಅದು ನಗೆಪಾಟಲಾಗಿ ಕಂಡಿತು. 2006ರಲ್ಲಿ ಹಡ್ಸನ್ ಕಂಪೆನಿ ದುಂಡು ಮುಖದ ಬಾಂಬರ್‌ಮ್ಯಾನ್‌ಗೆ ಕಪ್ಪು ಲೋಹದ ಕವಚ ತೊಡಿಸಿ ಆಕ್ಟ್ ಝೀರೋ ಎಂಬ ಆಟ ತಂದಿತು. ಒಂದೇ ಟಿವಿಯ ಮುಂದೆ ನಾಲ್ಕು ಜನ ಕೂತು ಆಡುವುದೇ ಬಾಂಬರ್‌ಮ್ಯಾನ್‌ನ ಜೀವಾಳವಾಗಿತ್ತು. ಹೊಸ ಆಟದಲ್ಲಿ ಅದನ್ನೇ ಬಿಟ್ಟರು. ಮುಖ ಬದಲಾಯಿತು, ಮನೆಯೂ ಹೋಯಿತು.

ಎದುರು ಸಾಕ್ಷಿ ಎಂದರೆ ನಾಟಿ ಡಾಗ್ ಕಂಪೆನಿಯ ಜ್ಯಾಕ್ ಸರಣಿ. 2001ರ ಮೊದಲ ಆಟ ಬಣ್ಣಬಣ್ಣದ ಮಕ್ಕಳ ಆಟ. 2003ರ ಎರಡನೆಯದರಲ್ಲಿ ಮಾತೇ ಆಡದ ಜ್ಯಾಕ್‌ಗೆ ಬಾಯಿ ಬಂತು, ಸಿಟ್ಟು ಬಂತು, ಬಂದೂಕು ಬಂತು. ಅದು ಯಶಸ್ವಿಯೂ ಆಯಿತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕಂಪೆನಿಗೆ ನಿಜವಾಗಿ ದೊಡ್ಡವರ ಕಥೆ ಹೇಳಬೇಕೆನಿಸಿದಾಗ ಜ್ಯಾಕ್‌ನನ್ನು ಇನ್ನಷ್ಟು ಕಪ್ಪಾಗಿಸಲಿಲ್ಲ. 2007ರಲ್ಲಿ ಅನ್‌ಚಾರ್ಟೆಡ್, 2013ರಲ್ಲಿ ದ ಲಾಸ್ಟ್ ಆಫ್ ಅಸ್ ಎಂಬ ಹೊಸ ಮನೆಗಳನ್ನೇ ಕಟ್ಟಿತು. ನಿಂಟೆಂಡೊ ಕೂಡ ಹಾಗೆಯೇ: 2002ರ ಎಟರ್ನಲ್ ಡಾರ್ಕ್‌ನೆಸ್, 2014ರ ಬಯೊನೆಟಾ 2 ಇವು 17 ಮೀರಿದವರ ಆಟಗಳು, ಪ್ರಕಟಿಸಿದ್ದು ನಿಂಟೆಂಡೊವೇ. ಮಾರಿಯೋನ ಅಂಗಳದಲ್ಲಿ ಅವನ್ನು ತಂದು ಸುರಿಯಲಿಲ್ಲ, ಅಷ್ಟೆ.

ಪೊಕೆಮಾನ್: ಹಿಂದಕ್ಕೆ ಹೋದ ಪ್ರಾಯ

ಪೊಕೆಮಾನ್ ವಿಚಾರ ಇನ್ನೂ ಸ್ವಾರಸ್ಯದ್ದು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಂದ ಮೊದಲ ಆಟದಲ್ಲೇ ಒಂದು ಊರಲ್ಲಿ ಗೋಪುರ ತುಂಬ ಪೊಕೆಮಾನ್‌ಗಳ ಸಮಾಧಿ. ಕಳ್ಳರ ತಂಡದ ಕೈಯಲ್ಲಿ ಸತ್ತ ಒಂದು ತಾಯಿಯ ಪ್ರೇತ ಅಲ್ಲಿ ದಾರಿ ತಡೆಯುತ್ತದೆ. ಆ ಪ್ರೇತ ಯಾರೆಂದು ಗುರುತಿಸಿ ಅದಕ್ಕೆ ಶಾಂತಿ ಕೊಟ್ಟರೆ ಮಾತ್ರ ಮುಂದೆ ದಾರಿ. ಹತ್ತು ವರ್ಷದ ಮಗುವಿಗೆಂದು ಮಾಡಿದ ಆಟದಲ್ಲಿ ಇದು ಮೊದಲ ದಿನದಿಂದ ಇತ್ತು.

ಅದೇ ಮೊದಲ ಆಟದಲ್ಲಿ ಜೂಜಿನ ಯಂತ್ರಗಳ ಅಂಗಡಿಯೂ ಇತ್ತು. ಕಾಲ ಕಳೆದಂತೆ ಯುರೋಪಿನ ವರ್ಗೀಕರಣ ಜೂಜಿನ ವಿಷಯದಲ್ಲಿ ಬಿಗಿಯಾಯಿತು. 2009ರಲ್ಲಿ ಯುರೋಪಿಗೆ ಬಂದ ಪೊಕೆಮಾನ್ ಪ್ಲಾಟಿನಮ್‌ನಲ್ಲಿ ಆ ಯಂತ್ರಗಳು ಆಡಲಾಗದ ಹಾಗೆ ನಿಂತುಹೋದವು. ಅದರ ನಂತರ ಬಂದ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಆಟಗಳ ಜಪಾನೇತರ ಆವೃತ್ತಿಗಳಲ್ಲಿ ಅದರ ಜಾಗಕ್ಕೆ ಬೇರೆ ಲೆಕ್ಕದ ಆಟ ಬಂತು. ಹೂವಿನ ಎಲೆಯ ಜೂಜಿನಿಂದ ಹೊರಟ ಕಂಪೆನಿಯ ಜೊತೆ ಬೆಳೆದ ಸರಣಿ, ಮಕ್ಕಳ ಕೈಯಿಂದ ಜೂಜನ್ನು ತೆಗೆದಿಟ್ಟಿತು. ಅಂದರೆ ಪ್ರಾಯದ ಗುರುತಿನ ಲೆಕ್ಕದಲ್ಲಿ ಪೊಕೆಮಾನ್ ಚಿಕ್ಕದಾಯಿತು.

ಆದರೆ 2010ರ ಬ್ಲ್ಯಾಕ್ ಮತ್ತು ವೈಟ್ ಆಟಗಳನ್ನು ನೋಡಿ. ಅಲ್ಲಿ ಎನ್ ಎಂಬ ಯುವಕ, ಈ ಪ್ರಾಣಿಗಳನ್ನು ಹಿಡಿದು ಕಾದಾಡಿಸುವುದು ಸರಿಯೇ ಎಂದು ನೇರವಾಗಿ ಕೇಳುತ್ತಾನೆ. ಹದಿನಾಲ್ಕು ವರ್ಷ ಮಕ್ಕಳು ಯೋಚಿಸದೆ ಆಡಿದ ಆಟದ ಬುಡವನ್ನೇ ಆಟ ತಾನೇ ಪ್ರಶ್ನಿಸಿತು. ಅವನು ಪ್ರಾಮಾಣಿಕ, ಅವನನ್ನು ಬಳಸಿಕೊಳ್ಳುವವರು ಬೇರೆ. ಪೆಟ್ಟಿಗೆಯ ಅಕ್ಷರ? ಎಲ್ಲರಿಗೂ. ಜೂಜು ಹೋದ ಕಾಲದಲ್ಲೇ ಪ್ರಶ್ನೆ ಬಂದದ್ದು. ಪ್ರಾಯ ಮತ್ತು ಪ್ರಬುದ್ಧತೆ ಎರಡು ಬೇರೆ ದಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ನಮ್ಮ ಜಗಲಿಯಿಂದ

ಇದೆಲ್ಲ ಜಪಾನು ಅಮೆರಿಕದ ಮಾತಾಯಿತು. ನಮಗೇನು ಸಂಬಂಧ ಎಂದು ಕೇಳಬಹುದು. ನಮ್ಮ ಕಡೆ ಈ ಆಟಗಳು ಬಂದದ್ದು ತಡವಾಗಿ, ಹೆಚ್ಚಾಗಿ ನಕಲಿ ಟಿವಿ ಗೇಮ್ ಡಬ್ಬಿಗಳಲ್ಲಿ, ಇಂಗ್ಲಿಷಿನಲ್ಲಿ. 2023ರಲ್ಲಿ ಪೊಕೆಮಾನ್ ಗೋ ಹಿಂದಿಯಲ್ಲಿ ಬಂತು, ಕನ್ನಡ ಇನ್ನೂ ದೂರ. ಹೀಗಾಗಿ ನಮ್ಮ ಮನೆಗಳಲ್ಲಿ ಮಗು ಆಡುವಾಗ ಪಕ್ಕದಲ್ಲಿ ಕೂತ ಚಿಕ್ಕಪ್ಪನೋ ಅಕ್ಕನೋ ಕಥೆಯನ್ನು ಕನ್ನಡದಲ್ಲಿ ಹೇಳಬೇಕಾಗುತ್ತದೆ. ಕಂಪೆನಿ ಯೋಚಿಸಿರದ ಒಂದು ಕೆಲಸ ಅಲ್ಲಿ ನಡೆಯುತ್ತದೆ.

ನನ್ನ ಅಣ್ಣನ ಮಗನಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಫೋನಿನಲ್ಲಿ ಇಂಗ್ಲಿಷ್. ವಿಂಡ್ ವೇಕರ್‌ನ ಕೊನೆಯ ದೃಶ್ಯವನ್ನು ಯೂಟ್ಯೂಬಿನಲ್ಲಿ ತೋರಿಸಿ ಕಥೆ ಹೇಳಿದೆ. ಅವನು ಕೇಳಿದ್ದು: "ಎಂತ ಚಿಕ್ಕಪ್ಪ, ಆ ಅಜ್ಜ ಅಲ್ಲೇ ನೀರಲ್ಲಿ ನಿಲ್ಲುವುದಾ? ಅವರನ್ನು ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?" ನಾನು, ಅವರಿಗೇ ಬರಲಿಕ್ಕೆ ಮನಸ್ಸಿಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಅಜ್ಜನೂ ಬರುದಿಲ್ಲ, ತೋಟ ಬಿಟ್ಟು" ಅಂದ. ಅಣ್ಣನಿಗೆ ದೂರದ ಊರಿಗೆ ವರ್ಗವಾಗುವ ಮಾತು ಮನೆಯಲ್ಲಿ ನಡೀತಾ ಇತ್ತು. ಮಗು ಎಲ್ಲ ಕೇಳಿಸಿಕೊಂಡಿತ್ತು. ದೊಡ್ಡವರು ಅವನ ಹತ್ತಿರ ಆಡದ ಮಾತನ್ನು ಒಂದು ಕಾರ್ಟೂನು ಆಟ ಆಡಿತ್ತು.

ಇದು ನಮಗೆ ಹೊಸತಲ್ಲ. ಕುಂಬಳೆಯ ಪಾರ್ತಿಸುಬ್ಬನ ನಾಡು ನಮ್ಮದು. ಬಯಲಾಟದ ಮುಂದಿನ ಸಾಲಲ್ಲಿ ಯಾವಾಗಲೂ ಮಕ್ಕಳು. ಹಾಸ್ಯಗಾರ ಬಂದಾಗ ನಗುತ್ತಾರೆ, ನಿದ್ದೆ ಹೋಗುತ್ತಾರೆ, ಬಣ್ಣದ ವೇಷದ ಅಬ್ಬರಕ್ಕೆ ಎದ್ದು ಕೂರುತ್ತಾರೆ. ಹಿರಣ್ಯಕಶಿಪುವಿನ ವಧೆ, ಅಭಿಮನ್ಯುವಿನ ಸಾವು ಅವರ ಕಣ್ಣೆದುರೇ ನಡೆಯುತ್ತದೆ. ಇದು ಮಕ್ಕಳಿಗೆ, ಇದು ದೊಡ್ಡವರಿಗೆ ಎಂದು ರಂಗಸ್ಥಳಕ್ಕೆ ಎರಡು ಬಾಗಿಲಿರಲಿಲ್ಲ. ಐದು ವರ್ಷದವನಿಗೆ ಕಿರೀಟ ಕಂಡಿತು, ಐವತ್ತರವನಿಗೆ ಅರ್ಥಗಾರಿಕೆ ಕೇಳಿಸಿತು. ಮುಂದಿನ ವರ್ಷ ಮಗು ಇನ್ನಷ್ಟು ಕೇಳಿಸಿಕೊಂಡಿತು. ಒಂದೇ ಪ್ರಸಂಗ, ಪ್ರಾಯಕ್ಕೆ ತಕ್ಕ ಹಾಗೆ ಆಳ.

ಗಡಿಯಲ್ಲಿರುವ ನಮ್ಮಂಥವರಿಗೆ ಇದರ ಬೆಲೆ ಗೊತ್ತಿರಬೇಕು. ಭಾಷೆ ಉಳಿಯುವುದು ಒಂದೇ ವಿಷಯದ ಬಗ್ಗೆ ಅಜ್ಜ ಮೊಮ್ಮಗ ಇಬ್ಬರೂ ಮಾತಾಡುವಂತಿದ್ದರೆ. ಮಕ್ಕಳಿಗೆ ಶಿಶುಗೀತೆ, ದೊಡ್ಡವರಿಗೆ ಕಾದಂಬರಿ, ನಡುವೆ ಬರಿದು ಎಂದಾದರೆ ಆ ಬರಿದಿನಲ್ಲೇ ಹತ್ತು ಹನ್ನೆರಡು ವರ್ಷದ ಮಗು ಬೇರೆ ಭಾಷೆಗೆ ಹೊರಟುಹೋಗುತ್ತದೆ. ಕುಟುಂಬದ ಆಟ ಎನ್ನುವುದು ಅಂಥ ನಡುವಿನ ಜಾಗ.

ತೀರ್ಮಾನ

ಹಾಗಾದರೆ ಈ ಸರಣಿಗಳು ಪ್ರೌಢವಾಗಬೇಕೇ? ಪ್ರಾಯದ ಗುರುತು ಹಚ್ಚಿಕೊಳ್ಳಬೇಕೇ ಎಂದರೆ, ಬೇಡ. ಅದು ಬೇಕಾದವರಿಗೆ ಬೇರೆ ಆಟಗಳಿವೆ, ಅದೇ ಕಂಪೆನಿಗಳೇ ಮಾಡುತ್ತಿವೆ. ಮೂವತ್ತೈದು ವರ್ಷದವನಿಗಾಗಿ ಬಾಗಿಲು ಎತ್ತರಿಸಿ ಹೊಸ್ತಿಲನ್ನೂ ಎತ್ತರಿಸಿದರೆ, ಇವತ್ತು ಎಂಟು ತುಂಬಿದ ಮಗು ಹೊರಗೆ ನಿಲ್ಲುತ್ತದೆ. ನಾವು ಒಳಗೆ ಬಂದಾಗ ಹೊಸ್ತಿಲು ತಗ್ಗಾಗಿತ್ತು ಎನ್ನುವುದನ್ನು ಮರೆಯಬಾರದು. ಆದರೆ ಪ್ರಬುದ್ಧತೆ ಬೇಕೇ ಎಂದರೆ, ಖಂಡಿತ ಬೇಕು, ಈಗಿರುವುದಕ್ಕಿಂತ ಹೆಚ್ಚು ಬೇಕು. ಮಕ್ಕಳಿಗೆಂದು ಕಥೆಯನ್ನು ಸಪ್ಪೆ ಮಾಡುವುದೂ ಒಂದು ಅನ್ಯಾಯ. ಸಮಾಧಿ ಗೋಪುರ, ಬೀಳುವ ಚಂದ್ರ, ಮುಳುಗಿದ ರಾಜ್ಯ ಇವನ್ನು ಮಕ್ಕಳು ತಾಳಿಕೊಂಡಿದ್ದಾರೆ, ನೆನಪಿಟ್ಟುಕೊಂಡಿದ್ದಾರೆ. ಬೆಳೆದ ಮೇಲೆ ಮರಳಿ ಬರುವುದೂ ಅದಕ್ಕೇ.

ಚರ್ಚೆ

ಭಾಷಣದ ನಂತರ ಅಧ್ಯಾಪಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಉತ್ತರವನ್ನೂ ಇಲ್ಲಿ ಸೇರಿಸಿದ್ದೇನೆ.

ಪ್ರಶ್ನೆ: ನೀವು ಹೇಳುವ ಪ್ರಬುದ್ಧತೆ ಎಲ್ಲ ಕಥೆಯಲ್ಲಿದೆ. ಆಟ ಅಂದರೆ ಕಥೆ ಮಾತ್ರ ಅಲ್ಲವಲ್ಲ? ಕಷ್ಟ ಸುಲಭದ ಪ್ರಶ್ನೆ ಏನಾಯಿತು?

ಉತ್ತರ: ಸರಿಯಾದ ಪ್ರಶ್ನೆ, ಸರ್. ಪ್ರೌಢ ಆಟ ಬೇಕು ಎನ್ನುವವರಲ್ಲಿ ಅನೇಕರು ಕೇಳುವುದು ಕಷ್ಟದ ಆಟವನ್ನೇ. ಆದರೆ ಕಷ್ಟಕ್ಕೂ ಪ್ರಾಯಕ್ಕೂ ನೇರ ಸಂಬಂಧ ಇಲ್ಲ. 1986ರ ಮೊದಲ ಜೆಲ್ಡಾ ಮಕ್ಕಳ ಕೈಗೇ ಬಂದದ್ದು, ದಾರಿ ಎಲ್ಲಿದೆ ಎಂದು ಹೇಳದೆ ಬಯಲಲ್ಲಿ ಬಿಟ್ಟುಬಿಡುತ್ತಿತ್ತು. ಮಕ್ಕಳು ಒಬ್ಬರನ್ನೊಬ್ಬರು ಕೇಳಿ, ಕಾಗದದಲ್ಲಿ ನಕ್ಷೆ ಬರೆದು ಮುಗಿಸಿದರು. ಸೋಲಲಿಕ್ಕೆ ಬಿಡುವುದೂ ಮಗುವಿನ ಮೇಲಿನ ನಂಬಿಕೆಯೇ. 2017ರ ಆಟ ಆ ನಂಬಿಕೆಗೆ ಮರಳಿತು, ಎಲ್ಲಿಗೆ ಬೇಕಾದರೂ ಹೋಗು ಎಂದಿತು. ಹಾಗಾಗಿ ಕಥೆಯಲ್ಲಿ ಹೇಗೋ ಆಟದಲ್ಲೂ ಹಾಗೆ: ಕೈ ಹಿಡಿದು ನಡೆಸುವುದನ್ನು ಕಡಿಮೆ ಮಾಡಿ ಎಂದು ಕೇಳುವ ಹಕ್ಕು ನಮಗಿದೆ. ಆ ಮಗುವನ್ನು ಹೊರಗೆ ಕಳಿಸಿ ಎಂದು ಕೇಳುವ ಹಕ್ಕು ಇಲ್ಲ.